ಬಾವುಟದ ಕೆಳಗೆ ನಿಂತವರು

ಏಳನೆಯ ತರಗತಿಯಲ್ಲಿದ್ದಾಗ, ಆಯುಧ ಪೂಜಿಸುವ ಕೈಲು ಮುಹೂರ್ತ ಹಬ್ಬದ ದಿನ, ಕೊಡವ ಗೆಳೆಯನೊಬ್ಬನ ಕುಟುಂಬದ ಮೂಲಮನೆಗೆ, ಐನ್‌ಮನೆಗೆ, ಹೋಗಿದ್ದೆ. ನಾಟಿ ಮುಗಿದು ಕೈಗೆ ಬಿಡುವು ಸಿಕ್ಕಿದ್ದ ಕಾಲ. ಕೋವಿಗಳನ್ನೆಲ್ಲ ಒರೆಸಿ, ದೇವರ ಕೋಣೆಯ ಗೋಡೆಗೆ ಸಾಲಾಗಿ ಒರಗಿಸಿ, ನಳಿಗೆಗಳ ಬಾಯಿಗೆ ತೋಕ್‌ಪೂ ಸಿಕ್ಕಿಸಿದ್ದರು. ಬೆಂಕಿಯ ನಾಲಗೆಯಂಥ ಎಸಳುಗಳಿರುವ ಆ ಹೂವಿಗೆ ಹೆಸರೇ ಕೋವಿಯದು. ಕಡಂಬುಟ್ಟು, ಪಂದಿಕರಿ ಉಂಡು ಜಗಲಿಯಲ್ಲಿ ಕುಳಿತಿದ್ದಾಗ ಗೆಳೆಯನ ಅಜ್ಜ ಕೆಂಪು ರೇಷ್ಮೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಬೆಳ್ಳಿಯ ಬಿಲ್ಲೆಯೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟರು. ಅಂಗೈ ತುಂಬುವಷ್ಟು ದೊಡ್ಡದು, ತಣ್ಣಗಿತ್ತು, ಭಾರವಾಗಿತ್ತು. ಅದರ ಮೇಲೆ ಒಂದು ಕೈಯಲ್ಲಿ ಕೋವಿ ಹಿಡಿದು ಇನ್ನೊಂದು ಕೈಯಲ್ಲಿ ಕತ್ತಿ ಎತ್ತಿದ ಕೊಡಗಿನ ಯೋಧ. ಇಂಗ್ಲಿಷಿನ ಜೊತೆಗೆ ಕನ್ನಡದ ಅಕ್ಷರಗಳೂ ಇದ್ದವು. ಅದು 1837ರ ದಂಗೆಯನ್ನು ಅಡಗಿಸುವಾಗ ಕುಂಪಣಿ ಸರ್ಕಾರಕ್ಕೆ ನಿಷ್ಠೆ ತೋರಿದವರಿಗೆ ಕೊಟ್ಟ ಪದಕ. "ನಮ್ಮ ಹಿರಿಯರ ಶೌರ್ಯಕ್ಕೆ ಸಿಕ್ಕಿದ್ದು ಇದು, ಜೋಪಾನ" ಎಂದರು ಅಜ್ಜ. ನಾನು ಎರಡೂ ಕೈ ಒಡ್ಡಿ ಹಿಡಿದುಕೊಂಡೆ.

ನಮ್ಮದು ಭಾಗಮಂಡಲದ ಕಡೆಯ ಅರೆಭಾಷೆ ಗೌಡರ ಮನೆ. ಸಂಜೆ ಮನೆಗೆ ಬಂದವನೇ ನಮ್ಮ ಅಜ್ಜನಿಗೆ ಪದಕದ ಸುದ್ದಿ ಹೇಳಿದೆ. ಅಜ್ಜ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಅದನ್ನು ಯಾಕೆ ಕೊಟ್ಟರೆಂದು ಕೇಳಿದೆಯಾ?" ಎಂದರು. "ಶೌರ್ಯಕ್ಕೆ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇ ವರ್ಷ ಮಡಿಕೇರಿ ಕೋಟೆಯಲ್ಲಿ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ನೇಣಿಗೆ ಹಾಕಿದರು. ಹಾಗೆ ಹಾಕಿದವರು ಕೊಟ್ಟ ಬೆಳ್ಳಿ ಅದು" ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ. ಗೆಳೆಯನ ಮನೆಗೆ ಹೋಗಬೇಡ ಎಂದೂ ಹೇಳಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಧ್ಯಾಹ್ನ ಕಣ್ಣಿಗೆ ಒತ್ತಿಕೊಳ್ಳುವಂತೆ ಹಿಡಿದ ವಸ್ತು ರಾತ್ರಿಯ ಹೊತ್ತಿಗೆ ಬೇರೆಯೇ ಆಗಿತ್ತು. ಬೆಳ್ಳಿ ಅದೇ, ಅಕ್ಷರವೂ ಅವೇ.

ಆ ದಂಗೆಯ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು, ಏಕೆಂದರೆ ಅದೊಂದು ಬಾವುಟದ ಕಥೆಯೂ ಹೌದು. 1834ರ ಏಪ್ರಿಲ್‌ನಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಮಡಿಕೇರಿ ಕೋಟೆಯ ಮೇಲೆ ತಮ್ಮ ಧ್ವಜ ಏರಿಸಿದರು. ಕೊಡಗಿನ ಅರಸರಿಗೆ ಸೇರಿದ್ದ ಅಮರ ಸುಳ್ಯ ಸೀಮೆಯನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಅಂಟಿಸಿದರು. ಅರಸರ ಕಾಲದಲ್ಲಿ ರೈತ ಬೆಳೆದ ಬೆಳೆಯಲ್ಲೇ ತೆರಿಗೆ ಕೊಡುತ್ತಿದ್ದ. ಕುಂಪಣಿ ನಗದು ಕೇಳಿತು. ಘಟ್ಟದ ಬುಡದಲ್ಲಿ ಭತ್ತ ಬೆಳೆಯುವವನಿಗೆ ನಗದು ಎಲ್ಲಿಂದ ಬರಬೇಕು? ಮೂರು ವರ್ಷ ಹೊಗೆಯಾಡಿದ ಸಿಟ್ಟು 1837ರಲ್ಲಿ ಉರಿಯಿತು. ಕೊಡಗನ್ನು ಆಳಿದ ಹಾಲೇರಿ ಅರಸು ವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಜನ ಒಟ್ಟಾದರು. ಕೆದಂಬಾಡಿ ರಾಮಯ್ಯ ಗೌಡರು, ಗುಡ್ಡೆಮನೆ ಅಪ್ಪಯ್ಯ ಗೌಡರು ಮುಂದೆ ನಿಂತರು. ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ರಂದು ಮಂಗಳೂರು ಸೇರಿದರು. ಅಲ್ಲಿಯ ಗುಡ್ಡದ ಮೇಲೆ ಹಾರುತ್ತಿದ್ದ ಬ್ರಿಟಿಷ್ ಧ್ವಜ ಇಳಿಸಿ ಹಾಲೇರಿ ಅರಸರ ಬಾವುಟ ಏರಿಸಿದರು, ಅಂದಿನಿಂದಲೇ ಅದು ಬಾವುಟಗುಡ್ಡೆ ಎಂದು ನಮ್ಮ ಕಡೆಯವರು ಹೇಳುತ್ತಾರೆ. ಹದಿಮೂರು ದಿನ. ಆಮೇಲೆ ಸೈನ್ಯ ಬಂತು, ಬಂಧನ, ಗಡೀಪಾರು, ನೇಣು. ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದ್ದು ಅಕ್ಟೋಬರ್ 31ರಂದು.

ಈ ಘಟನೆಗೆ ಮಂಗಳೂರಿನ ಕಡೆ ಬಹುಕಾಲ ಇದ್ದ ಹೆಸರು 'ಕಲ್ಯಾಣಪ್ಪನ ಕಾಟಕಾಯಿ'. ಕಾಟಕಾಯಿ ಎಂದರೆ ಲೂಟಿ, ಪುಂಡಾಟ. ಬ್ರಿಟಿಷರ ಕಡತದಲ್ಲಿ ಬಂಡಾಯ. ನಮ್ಮ ಮನೆಗಳಲ್ಲಿ ಅದಕ್ಕೆ ಹೆಸರೇ ಇರಲಿಲ್ಲ, ತಗ್ಗಿದ ದನಿ ಮಾತ್ರ ಇತ್ತು. ನಮ್ಮವರು ಓದಿ, ಬರೆದು, ಕಡತ ಹುಡುಕಿ ತೆಗೆಯಲು ಶುರು ಮಾಡಿದ ಮೇಲೆ ಅದು ಅಮರ ಸುಳ್ಯದ ರೈತ ದಂಗೆಯಾಯಿತು. ಈಗ 1857ಕ್ಕೂ ಇಪ್ಪತ್ತು ವರ್ಷ ಮೊದಲಿನ ಸ್ವಾತಂತ್ರ್ಯ ಸಮರ. ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆ ಇದೆ. 2022ರ ನವೆಂಬರ್‌ನಲ್ಲಿ ಬಾವುಟಗುಡ್ಡೆಯ ಮೇಲೆಯೇ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು. ಆ ದಿನದ ವಿಡಿಯೊವನ್ನು ನಾನು ಇಲ್ಲಿ ಅಮೆರಿಕದಲ್ಲಿ, ಹತ್ತೂವರೆ ಗಂಟೆ ಹಿಂದಿನ ಗಡಿಯಾರದಲ್ಲಿ, ನಿದ್ದೆಗೆಟ್ಟು ನೋಡಿದೆ. ಕಣ್ಣು ತುಂಬಿತ್ತು. ಅಜ್ಜ ಇರಬೇಕಿತ್ತು ಅನ್ನಿಸಿತು.

ಹಾಗೆ ನೋಡುತ್ತಿರುವಾಗಲೇ ಇನ್ನೊಂದು ಯೋಚನೆ ಬಂತು. ಗೆಳೆಯನ ಅಜ್ಜನ ಆ ಪದಕ ಈಗ ಎಲ್ಲಿರಬಹುದು? ಕೈಲು ಮುಹೂರ್ತದ ದಿನ ಈಗಲೂ ಹೊರಗೆ ತೆಗೆಯುತ್ತಾರೆಯೇ, ಇಲ್ಲ ಪೆಟ್ಟಿಗೆಯ ತಳ ಸೇರಿತೇ? ನಮ್ಮ ಮಾತಿಗೆ ಪ್ರತಿಮೆ ಸಿಕ್ಕಿದ ಹೊತ್ತಿನಲ್ಲಿ ಅವರ ಹೆಮ್ಮೆಗೆ ನಾಚಿಕೆ ಅಂಟಿಕೊಂಡಿತೇ? ಒಂದು ಕಾಲದಲ್ಲಿ ದನಿ ತಗ್ಗಿಸಿದವರು ನಾವು. ಈಗ ಸರದಿ ಅವರದಾಗಿದ್ದರೆ ಅದರಲ್ಲಿ ನನಗೆ ಸಂತೋಷವಿಲ್ಲ.

ನಾನು ದಕ್ಷಿಣ ಕ್ಯಾರೊಲಿನಾ ರಾಜ್ಯದ ಕೊಲಂಬಿಯಾ ನಗರಕ್ಕೆ ಬಂದದ್ದು 2003ರಲ್ಲಿ. ರಾಜಧಾನಿ ಅದು. ಬಂದ ಮೊದಲ ವಾರ ವಿಧಾನಸೌಧದಂಥ ಅವರ ಸ್ಟೇಟ್‌ಹೌಸ್ ನೋಡಲು ಹೋದಾಗ ಮುಂಭಾಗದ ಹುಲ್ಲುಹಾಸಿನ ಮೇಲೆ, ಸೈನಿಕ ಸ್ಮಾರಕದ ಪಕ್ಕ, ಎತ್ತರದ ಕಂಬದಲ್ಲಿ ಒಂದು ಕೆಂಪು ಬಾವುಟ ಹಾರುತ್ತಿತ್ತು. ನೀಲಿಯ ಅಡ್ಡಪಟ್ಟಿಗಳು, ಅದರಲ್ಲಿ ಬಿಳಿ ನಕ್ಷತ್ರಗಳು. ನೋಡಲು ಚೆಂದದ ಬಾವುಟವೇ. ಹೆಂಡತಿಯನ್ನು ಅದರ ಕೆಳಗೆ ನಿಲ್ಲಿಸಿ ಫೋಟೊ ತೆಗೆದು ಊರಿಗೆ ಕಳುಹಿಸಿದೆ. ಆ ಫೋಟೊ ನೆನೆದರೆ ಈಗಲೂ ಮನಸ್ಸು ಮುದುಡುತ್ತದೆ.

ಅದು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಅಮೆರಿಕದಿಂದ ಒಡೆದು ಹೋದ ದಕ್ಷಿಣದ ರಾಜ್ಯಗಳ, ಕಾನ್ಫೆಡರೇಟ್ ಸೈನ್ಯದ ಯುದ್ಧಧ್ವಜ. ಮೊದಲು ಒಡೆದು ಹೋದದ್ದೇ ದಕ್ಷಿಣ ಕ್ಯಾರೊಲಿನಾ, 1860ರ ಡಿಸೆಂಬರ್ 20ರಂದು. ಯಾಕೆ ಹೋಗುತ್ತಿದ್ದೇವೆಂದು ಅವರೇ ಹೊರಡಿಸಿದ ಘೋಷಣೆಯಲ್ಲಿ ಗುಲಾಮರ ವಿಷಯ ನೇರವಾಗಿಯೇ ಇದೆ. ಯುದ್ಧ 1865ರಲ್ಲಿ ಸೋಲಿನಲ್ಲಿ ಮುಗಿಯಿತು. ನನಗೆ ಅಚ್ಚರಿಯಾದದ್ದು ಅದಲ್ಲ. ಸೋತ ಮೇಲೆ ಸುಮಾರು ನೂರು ವರ್ಷ ಆ ಸ್ಟೇಟ್‌ಹೌಸ್‌ನ ಗುಮ್ಮಟದ ಮೇಲೆ ಈ ಬಾವುಟ ಇರಲೇ ಇಲ್ಲ. ಏರಿಸಿದ್ದು 1961ರಲ್ಲಿ. ಯುದ್ಧದ ಶತಮಾನೋತ್ಸವ ಎಂಬುದು ಅದಕ್ಕೆ ಕೊಟ್ಟ ಕಾರಣ. ಆದರೆ ಆ ಹೊತ್ತಿಗೆ ಬಿಳಿಯ ಮಕ್ಕಳೂ ಕರಿಯ ಮಕ್ಕಳೂ ಒಂದೇ ಶಾಲೆಗೆ ಹೋಗಬೇಕೆಂದು 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗಿತ್ತು. ಊಟದ ಅಂಗಡಿಗಳಲ್ಲಿ ಕರಿಯ ವಿದ್ಯಾರ್ಥಿಗಳು ಧರಣಿ ಕುಳಿತಿದ್ದರು. ಪಕ್ಕದ ಜಾರ್ಜಿಯಾ 1956ರಲ್ಲೇ ತನ್ನ ರಾಜ್ಯಧ್ವಜದೊಳಗೆ ಈ ಯುದ್ಧಧ್ವಜವನ್ನು ಸೇರಿಸಿಕೊಂಡಿತ್ತು. ಸತ್ತವರ ನೆನಪಿಗೆಂದು ಏರಿಸಿದ ಬಾವುಟ ಬದುಕಿರುವವರಿಗೆ ಹೇಳಿದ ಮಾತು ಬೇರೆಯೇ.

ಬಾವುಟವೊಂದು ಯಾವಾಗ ಹುಟ್ಟಿತು ಎಂಬುದಕ್ಕಿಂತ ಯಾವಾಗ, ಯಾರ ಕಣ್ಣಿಗೆ ಬೀಳಲೆಂದು ಏರಿಸಿದರು ಎಂದು ಕೇಳಬೇಕು. ಇದನ್ನು ನನಗೆ ಕಲಿಸಿದವರು ಪುಸ್ತಕಗಳಲ್ಲ, ನಮ್ಮ ಕಚೇರಿಯಲ್ಲಿ ನನ್ನ ಎದುರಿನ ಮೇಜಿನಲ್ಲಿ ಹನ್ನೊಂದು ವರ್ಷ ಕುಳಿತ ಆಫ್ರಿಕನ್ ಅಮೆರಿಕನ್ ಮಹಿಳೆ. ಅವರು ಚಿಕ್ಕವರಿದ್ದಾಗ ಶಾಲೆಯಿಂದ ಸ್ಟೇಟ್‌ಹೌಸ್ ನೋಡಲು ಕರೆದುಕೊಂಡು ಹೋಗುತ್ತಿದ್ದರಂತೆ. ಹೊರಡುವ ಮುಂಚೆ ತಾಯಿ ತಲೆಗೂದಲು ಬಾಚುತ್ತ, "ಮೆಟ್ಟಿಲು ಹತ್ತುವಾಗ ಕಾಲು ನೋಡಿಕೊಂಡು ಹತ್ತು, ಕತ್ತೆತ್ತಿ ಮೇಲೆ ನೋಡಬೇಡ" ಎಂದಿದ್ದರಂತೆ. "ಎಡವುತ್ತೇನೆಂದು ಹೇಳಿದರು ಅಂದುಕೊಂಡಿದ್ದೆ" ಎಂದು ಅವರು ನನಗೆ ಹೇಳಿದಾಗ ಅವರಿಗೆ ಐವತ್ತು ದಾಟಿತ್ತು.

2015ರ ಜೂನ್ 17ರಂದು ಚಾರ್ಲ್ಸ್‌ಟನ್ ನಗರದ ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಮಂದಿಯನ್ನು ಬಿಳಿಯ ಯುವಕನೊಬ್ಬ ಗುಂಡಿಟ್ಟು ಕೊಂದ. ಅವನು ಈ ಬಾವುಟ ಹಿಡಿದು ತೆಗೆಸಿಕೊಂಡ ಚಿತ್ರಗಳು ಹೊರಬಂದವು. ಗುಮ್ಮಟದ ಮೇಲಿನ ರಾಷ್ಟ್ರಧ್ವಜವನ್ನೂ ರಾಜ್ಯಧ್ವಜವನ್ನೂ ಅರ್ಧಕ್ಕೆ ಇಳಿಸಿದರು. 2000ರಲ್ಲಿ ಗುಮ್ಮಟದಿಂದ ಹುಲ್ಲುಹಾಸಿಗೆ ಸರಿಸಿದ್ದ ಈ ಬಾವುಟ ಮಾತ್ರ ಕಂಬದ ತುದಿಯಲ್ಲೇ ಇತ್ತು. ಶಾಸನಸಭೆಯ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟುವಂತಿಲ್ಲ ಎಂದು ಕಾನೂನಿತ್ತು. ಸತ್ತವರಲ್ಲಿ ಒಬ್ಬರು, ಚರ್ಚಿನ ಪಾದ್ರಿ ಕ್ಲೆಮೆಂಟಾ ಪಿಂಕ್ನಿ, ಅದೇ ಕಟ್ಟಡದಲ್ಲಿ ಕುಳಿತು ಶಾಸನ ಮಾಡುತ್ತಿದ್ದ ಸೆನೆಟರ್. ಅವರ ಶವಪೆಟ್ಟಿಗೆಯನ್ನು ಅಂತಿಮ ದರ್ಶನಕ್ಕೆ ಒಳಗಿಟ್ಟಾಗ ಬಾವುಟ ಕಾಣಬಾರದೆಂದು ಕಿಟಕಿಗೆ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು. ಬಾವುಟ ಇಳಿಸಲಾಗದೆ ಕಿಟಕಿ ಮುಚ್ಚಿದ ಆ ಬಟ್ಟೆಯನ್ನು ನಾನು ಮರೆಯಲಾರೆ.

ಕೊನೆಗೆ ಚರ್ಚೆ ನಡೆಯಿತು. ಸೆನೆಟ್‌ನಲ್ಲಿ 36ಕ್ಕೆ 3, ಕೆಳಮನೆಯಲ್ಲಿ ನಡುರಾತ್ರಿ ಕಳೆದ ಮೇಲೆ 94ಕ್ಕೆ 20. ಪಂಜಾಬಿನಿಂದ ಬಂದ ಸಿಖ್ ದಂಪತಿಯ ಮಗಳು ನಿಕ್ಕಿ ಹೇಲಿ ಆಗ ರಾಜ್ಯಪಾಲರು. ಇಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ ಜನ ಆರಿಸಿದವರು. ಅವರು ಸಹಿ ಹಾಕಿದರು. ಜುಲೈ 10ರ ಬೆಳಗ್ಗೆ ಬಾವುಟ ಇಳಿಯಿತು. ಜನಜಂಗುಳಿಯ ನಡುವೆ ನಾನೂ ಇದ್ದೆ, ನನ್ನ ಸಹೋದ್ಯೋಗಿಯ ಪಕ್ಕದಲ್ಲಿ. ಕೈಗವಸು ತೊಟ್ಟ ಪೊಲೀಸರು ಅದನ್ನು ಇಳಿಸಿ, ಸುತ್ತಿ, ಕಟ್ಟಿದರು. ಹರಿಯಲಿಲ್ಲ, ಸುಡಲಿಲ್ಲ. ಮ್ಯೂಸಿಯಮ್ಮಿಗೆ ಕೊಟ್ಟರು. ಜನ ಕೂಗುತ್ತಿದ್ದರು, ಕುಣಿಯುತ್ತಿದ್ದರು. ನನ್ನ ಸಹೋದ್ಯೋಗಿ ಮಾತ್ರ ಏನೂ ಮಾಡಲಿಲ್ಲ. ಕತ್ತೆತ್ತಿ ಖಾಲಿ ಕಂಬವನ್ನು ನೋಡುತ್ತ ನಿಂತಿದ್ದರು.

ಅದಾಗಿ ಸರಿಯಾಗಿ ನಾಲ್ಕು ತಿಂಗಳಿಗೆ, ನವೆಂಬರ್ 10ರಂದು, ನನ್ನ ಮಡಿಕೇರಿ ಹೊತ್ತಿಕೊಂಡಿತು. ಸರ್ಕಾರ ಮೊದಲ ಬಾರಿಗೆ ಟಿಪ್ಪು ಜಯಂತಿ ಆಚರಿಸಿದ ದಿನ. ಬಾಲ್ಯದಲ್ಲಿ ಕಿತ್ತಳೆ ಕೊಳ್ಳಲು ಹೋಗುತ್ತಿದ್ದ ಬೀದಿಗಳಲ್ಲಿ ಕಲ್ಲುಗಳು, ಲಾಠಿ, ಸಾವು. ಫೋನಿನಲ್ಲಿ ಅಮ್ಮನ ದನಿ ನಡುಗುತ್ತಿತ್ತು. ಟಿಪ್ಪುವಿನ ವಿಷಯದಲ್ಲಿ ನನ್ನ ಮಾತು ಇಷ್ಟೇ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯಲ್ಲಿ ಕತ್ತಿ ಹಿಡಿದು ಸತ್ತ ಸುಲ್ತಾನನೂ ನಿಜ, ಕೊಡಗಿನವರನ್ನು ಸೆರೆಹಿಡಿದು ಅದೇ ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಸುಲ್ತಾನನೂ ನಿಜ. ಟಿಪ್ಪುವಿನ ಸೈನ್ಯ ಕೊಡವರನ್ನು ಕೊಂದ ಜಾಗವೆನ್ನುವ ದೇವಟ್ಟಿಪರಂಬಿನ ನೆನಪು ಇಟ್ಟುಕೊಂಡವರ ಊರಿನಲ್ಲಿ ಜಯಂತಿಯ ಬ್ಯಾನರು ಕಟ್ಟುವ ಮೊದಲು ಅವರನ್ನು ಕೂರಿಸಿ ಮಾತನಾಡಿಸಬೇಕಿತ್ತು. ಹಾಗೆಂದು ಇವತ್ತಿನ ಮಡಿಕೇರಿಯ ಮುಸ್ಲಿಂ ದರ್ಜಿಯನ್ನೋ ಮೀನು ವ್ಯಾಪಾರಿಯನ್ನೋ ಟಿಪ್ಪುವಿನ ಲೆಕ್ಕಕ್ಕೆ ಹಿಡಿಯುವುದು ಯಾವ ನ್ಯಾಯ? 2019ರಲ್ಲಿ ಸರ್ಕಾರ ಬದಲಾದಾಗ ಆಚರಣೆಯೂ ನಿಂತಿತು. ಶುರು ಮಾಡಿದಾಗಲೂ ನಿಲ್ಲಿಸಿದಾಗಲೂ ಊರಿನವರನ್ನೆಲ್ಲ ಒಟ್ಟಿಗೆ ಕೂರಿಸಿ ಯಾರೂ ಕೇಳಲಿಲ್ಲ. ಕೊಲಂಬಿಯಾದಲ್ಲಿ ನಡೆದ ಹದಿಮೂರು ಗಂಟೆಗಳ ಚರ್ಚೆಯಂಥದ್ದೊಂದು ನಮ್ಮ ಪಾಲಿಗೆ ಬರಲಿಲ್ಲ.

ಮಡಿಕೇರಿಯ ಕಲ್ಲುಗಳನ್ನು ಕೇಳಿದರೆ ಅವು ಇಷ್ಟು ಹಟದವಲ್ಲ. ಕೋಟೆಯನ್ನು ಮೊದಲು ಮಣ್ಣಿನಲ್ಲಿ ಕಟ್ಟಿದವನು ಮುದ್ದುರಾಜ. ಕಲ್ಲಿನಲ್ಲಿ ಮರಳಿ ಕಟ್ಟಿ ಜಾಫರಾಬಾದ್ ಎಂದು ಕರೆದವನು ಟಿಪ್ಪು. ಅವನ ಕೈಯಿಂದ ಬಿಡಿಸಿಕೊಂಡವನು ದೊಡ್ಡವೀರರಾಜೇಂದ್ರ. ಒಳಗಿನ ಅರಮನೆ ಲಿಂಗರಾಜೇಂದ್ರನದು, ಚರ್ಚು ಬ್ರಿಟಿಷರದು. ಬಹುಕಾಲ ಜಿಲ್ಲೆಯ ಸರ್ಕಾರಿ ಕಚೇರಿಗಳೂ ಅಲ್ಲೇ ಇದ್ದವು. ಪಹಣಿಗಾಗಿ ಅಪ್ಪನ ಜೊತೆ ಹೋದಾಗ ಗಾರೆಯ ಆ ಎರಡು ಆನೆಗಳ ಸೊಂಡಿಲು ಹಿಡಿದು ಜೋತಾಡಲು ಪ್ರಯತ್ನಿಸಿ ಬೈಸಿಕೊಂಡಿದ್ದೇನೆ. ಇನ್ನೂ ಹೇಳಬೇಕೆಂದರೆ, ಟಿಪ್ಪುವಿನ ವಿರುದ್ಧ ಹೋರಾಡಿದ ವಂಶದ ಅರಸರು ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನವನ್ನು ನೋಡಿ. 1820ರ ಕಟ್ಟಡ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರಗಳು. ಗದ್ದುಗೆಗಳ ಮೇಲೂ ಗುಮ್ಮಟಗಳೇ, ಒಳಗೆ ಮಲಗಿದವರು ಲಿಂಗಾಯತ ಅರಸರು. ಗುಮ್ಮಟವೆಂದರೆ ಶತ್ರುವಿನ ಗುರುತು ಎಂದು ಆ ಅರಸರಿಗೆ ಅನ್ನಿಸಿರಲಿಲ್ಲ. ಈಗ ಯಾರಾದರೂ ದೇವಸ್ಥಾನಕ್ಕೆ ಅಂಥ ನಕ್ಷೆ ತಂದರೆ ಊರು ಒಪ್ಪೀತೇ?

ಆಕಾರದಲ್ಲಿ ಅರ್ಥವಿಲ್ಲ ಎಂಬುದಕ್ಕೆ ಅಮೆರಿಕದಲ್ಲೂ ಒಂದು ಸಾಕ್ಷಿ ಇದೆ. ಜಾರ್ಜಿಯಾ ಆ ಯುದ್ಧಧ್ವಜವನ್ನು 2001ರಲ್ಲಿ ಸಣ್ಣ ಚಿತ್ರವಾಗಿ ಕುಗ್ಗಿಸಿ, 2003ರಲ್ಲಿ ಪೂರ್ತಿ ಕೈಬಿಟ್ಟಿತು. 2003ರಿಂದ ಹಾರಿಸುತ್ತಿರುವ ಧ್ವಜ ಕಾನ್ಫೆಡರೇಟ್ ಸರ್ಕಾರದ ಮೊದಲ ಅಧಿಕೃತ ಧ್ವಜವನ್ನು ಹೋಲುತ್ತದೆ. ಇತಿಹಾಸದ ಲೆಕ್ಕದಲ್ಲಿ ಅದು ಒಡೆದು ಹೋದ ಸರ್ಕಾರಕ್ಕೆ ಇನ್ನೂ ಹತ್ತಿರದ್ದು. ಆದರೂ ದಾರಿಹೋಕರಲ್ಲಿ ಹೆಚ್ಚಿನವರಿಗೆ ಗುರುತು ಸಿಗುವುದಿಲ್ಲ. ಯಾರೂ ಆ ಧ್ವಜ ಹಿಡಿದು ಬಂದು, ಕರಿಯರನ್ನು ಹೆದರಿಸಲೆಂದು, ಅವರ ಮನೆ ಮುಂದೆ ಶಿಲುಬೆ ಸುಟ್ಟಿರಲಿಲ್ಲ.

ಸ್ವಸ್ತಿಕದ ವಿಷಯ ಹೊರನಾಡಿನಲ್ಲಿರುವ ನಮಗೆಲ್ಲ ಒಂದಲ್ಲ ಒಂದು ದಿನ ಎದುರಾಗುತ್ತದೆ. ನನಗೆ ಎದುರಾದದ್ದು ಗೃಹಪ್ರವೇಶದ ಮರುದಿನ. ಹೊಸಿಲ ಮುಂದೆ ಹೆಂಡತಿ ಹಾಕಿದ್ದ ರಂಗೋಲಿಯ ನಡುವೆ ಅದು ಇತ್ತು. ಎದುರು ಮನೆಯ ಯಹೂದಿ ವೃದ್ಧರು ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ಬಂದವರು ಮೆಟ್ಟಿಲಲ್ಲೇ ನಿಂತುಬಿಟ್ಟರು. ನಾನು ವಿವರಿಸಿದೆ. ಅವರಿಗೂ ಗೊತ್ತಿತ್ತು, ತಲೆಯಾಡಿಸಿದರು. ಆದರೂ ಬುಟ್ಟಿ ಹಿಡಿದ ಕೈ ನಡುಗುತ್ತಿತ್ತು. ಸಾವಿರಾರು ವರ್ಷ ಮಂಗಳವಾಗಿದ್ದ ಗುರುತು 1920ರಲ್ಲಿ ನಾಜಿ ಪಕ್ಷದ ಕೈಗೆ ಹೋಗಿ ಇಪ್ಪತ್ತೈದು ವರ್ಷಗಳಲ್ಲಿ ಏನಾಯಿತು ಎಂಬುದು ಆ ಕೈಯಲ್ಲಿ ಕಂಡಿತು. ಅಮೆರಿಕದ ಮೂಲನಿವಾಸಿಗಳಿಗೂ ಅದು ಶುಭದ ಗುರುತೇ ಆಗಿತ್ತು. ಅವರ ಮೇಲಿನ ಗೌರವದಿಂದಲೇ ಇಲ್ಲಿಯ ಸೈನ್ಯದ 45ನೆಯ ಪದಾತಿ ವಿಭಾಗ ಅದನ್ನು ತೋಳಿಗೆ ಧರಿಸುತ್ತಿತ್ತು. ಆಮೇಲೆ ತೆಗೆದು ಗುಡುಗುಹಕ್ಕಿಯ ಚಿತ್ರ ಹಾಕಿಕೊಂಡರು. 1940ರಲ್ಲಿ ನವಾಹೊ, ಹೋಪಿ ಮುಂತಾದ ನಾಲ್ಕು ಬುಡಕಟ್ಟುಗಳು ಇನ್ನು ಮುಂದೆ ಅದನ್ನು ಬುಟ್ಟಿ ಕಂಬಳಿಗಳಲ್ಲಿ ನೇಯುವುದಿಲ್ಲವೆಂದು ಸಹಿ ಹಾಕಿದವು. ನಾನು ಅಷ್ಟು ಬಿಟ್ಟುಕೊಡಲಿಲ್ಲ. ನಮ್ಮ ದೇವರ ಮನೆಯಲ್ಲಿ ಸ್ವಸ್ತಿಕ ಇದೆ, ಇರುತ್ತದೆ. ಹೊಸಿಲ ಮುಂದೆ ಎಳೆ ರಂಗೋಲಿ ಹಾಕುತ್ತೇವೆ.

ನನ್ನ ಕಣ್ಣು ಪೂರ್ತಿ ತೆರೆದದ್ದು ಇದಾವುದರಿಂದಲೂ ಅಲ್ಲ. ನನ್ನ ಮೇಜಿನ ಮೇಲೆ ಒಂದು ಹಳೆಯ ಫೋಟೊ ಇದೆ, ನಮ್ಮ ದೊಡ್ಡಪ್ಪನ ಮದುವೆಯದು. ಕಪ್ಪು ಕುಪ್ಪಸ, ಸೊಂಟಕ್ಕೆ ದಟ್ಟಿ, ದಟ್ಟಿಯಲ್ಲಿ ಪೀಚೆಕತ್ತಿ, ಹೆಗಲಲ್ಲಿ ಕೋವಿ. ಒಂಬತ್ತು ಗಂಡಸರು ಅಂಗಳದಲ್ಲಿ ಸಾಲಾಗಿ ನಿಂತಿದ್ದಾರೆ. ಬಾವುಟ ಇಳಿದ ಕೆಲವು ದಿನಗಳ ಮೇಲೆ ಸಹೋದ್ಯೋಗಿ ಅದನ್ನು ಕೈಗೆತ್ತಿಕೊಂಡು ನೋಡಿದರು. ನಾನು ಉತ್ಸಾಹದಿಂದ ಹೇಳುತ್ತ ಹೋದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಊರು ನಮ್ಮದು. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿ ಇರುವವರಿಗೂ ಕೋವಿಗೆ ಲೈಸೆನ್ಸ್ ಬೇಕಿಲ್ಲ. ಬ್ರಿಟಿಷರ ಕಾಲದಲ್ಲಿ, 1861ರಲ್ಲಿ ಸಿಕ್ಕಿದ ವಿನಾಯಿತಿ ಇವತ್ತಿಗೂ ಇದೆ. ಅವರು ಕೇಳಿಸಿಕೊಂಡರು. "ಈ ಭೂಮಿ ಎಂದಿರಲ್ಲ, ಅದರಲ್ಲಿ ಕೆಲಸ ಮಾಡುತ್ತಿದ್ದವರು ಯಾರು?" ಎಂದು ಕೇಳಿದರು. ಯರವ ಆದಿವಾಸಿಗಳು, ಎಂದೆ. "ಅವರು ಈ ಚಿತ್ರದಲ್ಲಿ ಎಲ್ಲಿದ್ದಾರೆ?"

ಉತ್ತರ ಬಾಯಿಗೆ ಬರಲಿಲ್ಲ. ಅವರು ಚುಚ್ಚಲೆಂದು ಕೇಳಿದವರಲ್ಲ. ಅವರಿಗೆ ಮೊದಲು ಹೊಳೆಯುವ ಪ್ರಶ್ನೆಯೇ ಅದು, ನನಗೆ ನಲವತ್ತು ವರ್ಷ ಹೊಳೆದಿರಲಿಲ್ಲ.

ಆಮೇಲೆ ಓದಿದೆ, ಮನೆಯ ಹಿರಿಯರನ್ನು ಕೇಳಿದೆ. ಕೊಡಗಿನಲ್ಲಿ ಅರಸರ ಕಾಲದಿಂದಲೂ ಯರವರು, ಹೊಲೆಯ ಸಮುದಾಯದವರು ವಂಶಪಾರಂಪರ್ಯದ ಜೀತಗಾರರು. 'ಭೂಮಿ ಜಮ್ಮದ ಆಳು' ಎಂದರೆ ನೆಲಕ್ಕೆ ಕಟ್ಟುಬಿದ್ದವರು, ನೆಲ ಕೈ ಬದಲಾದರೆ ಅವರೂ ಜೊತೆಯಲ್ಲಿ ಹೋಗಬೇಕು. 'ಒಕ್ಕಲು ಜಮ್ಮದ ಆಳು' ಎಂದರೆ ಮನೆತನದ ಆಸ್ತಿ. ಜಮ್ಮಾ ಎಂಬ ಮಾತನ್ನು ನಾನು ಎದೆಯುಬ್ಬಿಸಿ ಹೇಳುತ್ತ ಬಂದಿದ್ದೆ. ಅದೇ ಮಾತು ಮನುಷ್ಯರ ಹಿಂದೆಯೂ ಅಂಟಿಕೊಂಡಿತ್ತು. ನಮ್ಮ ಅಂಗಳದ ಕೋವಿ ನಮಗೆ ದೇವರ ಸಮಾನ. ತೋಟದ ಕೆಳಗೆ ಆಳುಗಳಿರುವ ಲೈನ್‌ಮನೆಯ ಬಾಗಿಲಿನಿಂದ ನೋಡಿದರೆ ಅದೇ ಕೋವಿ ಏನಾಗಿ ಕಂಡಿರಬಹುದು? 1837ರ ದಂಗೆಯಲ್ಲೂ ನಾವು ಹೇಳುವ ಹೆಸರುಗಳೆಲ್ಲ ಭೂಮಿ ಇದ್ದವರದು. ಅಕ್ಕಿ ಮೂಟೆ ಹೊತ್ತು ಘಟ್ಟ ಇಳಿದವರು ಇದ್ದಿರಲೇಬೇಕು. ಅವರಿಗೆ ಯಾವ ಬಾವುಟ ಇಳಿದು ಯಾವುದು ಏರಿದರೂ ಹೊರೆ ಇಳಿಯಲಿಲ್ಲ. ದೂರದ ಮಾತೇಕೆ, 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯ ಕಾಡಂಚಿನಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ, ಅವರಲ್ಲಿ ಬಹಳ ಮಂದಿ ನಮ್ಮಂಥವರ ಲೈನ್‌ಮನೆಗಳನ್ನು ಬಿಟ್ಟು ಬಂದವರು ಎಂಬ ಸುದ್ದಿ ಓದಿ ಪತ್ರಿಕೆ ಮಡಚಿಟ್ಟೆ.

ನನ್ನ ವಾದ ಇಷ್ಟು. ಗುರುತಿನ ಅರ್ಥವನ್ನು ಅದನ್ನು ಹಿಡಿದವನನ್ನು ಕೇಳಿದರೆ ಅವನು ಹೆಮ್ಮೆಯ ಕಥೆಯನ್ನೇ ಹೇಳುತ್ತಾನೆ, ಸುಳ್ಳನ್ನಲ್ಲ, ತನ್ನ ಕಥೆಯನ್ನು. 'ದ್ವೇಷವಲ್ಲ, ಪರಂಪರೆ' ಎಂದು ಕಾರಿಗೆ ಅಂಟಿಸಿಕೊಂಡ ಇಲ್ಲಿಯ ಎಷ್ಟೋ ಬಿಳಿಯರು ಮನಸ್ಸಿನಲ್ಲಿ ನಿಜವಾಗಿ ಯುದ್ಧದಲ್ಲಿ ಸತ್ತ ಮುತ್ತಜ್ಜನನ್ನೇ ನೆನೆಯುತ್ತಾರೆ. ನನಗೆ ಅಂಥ ನೆರೆಯವರಿದ್ದಾರೆ, ಒಳ್ಳೆಯವರು. ಆದರೆ ಬಾವುಟದ ಕೆಳಗೆ ಕತ್ತು ತಗ್ಗಿಸಿ ನಡೆದವರನ್ನು ಕೇಳದೆ ಅರ್ಥ ಪೂರ್ತಿಯಾಗುವುದಿಲ್ಲ. ದಕ್ಷಿಣ ಕ್ಯಾರೊಲಿನಾದಲ್ಲಿ ಬಾವುಟದ ಅರ್ಥ ಬದಲಾದದ್ದು ಬಟ್ಟೆ ಬದಲಾಗಿ ಅಲ್ಲ, ಕೆಳಗೆ ನಿಂತವರು ಶಾಸನಸಭೆಯೊಳಗೆ ಬಂದು ಕುಳಿತು ಮಾತನಾಡಿದ್ದರಿಂದ. ಕಾಟಕಾಯಿ ಸ್ವಾತಂತ್ರ್ಯ ಸಮರವಾದದ್ದೂ ಹಾಗೆಯೇ, ನಮ್ಮವರು ಬರೆದದ್ದರಿಂದ. ಯರವರ ಮಾತು ಇನ್ನೂ ಯಾವ ಫಲಕದ ಮೇಲೂ ನನಗೆ ಕಂಡಿಲ್ಲ.

ಇದು ನನ್ನ ಕನ್ನಡದ ಹೆಮ್ಮೆಗೂ ತಟ್ಟಿದೆ. ಪ್ರತಿ ನವೆಂಬರ್‌ನಲ್ಲಿ ನಮ್ಮ ಕನ್ನಡ ಕೂಟದಲ್ಲಿ ಹಳದಿ ಕೆಂಪು ಬಾವುಟ ಹಾರಿಸುತ್ತೇವೆ. ನಾನೇ ಎಷ್ಟೋ ಸಲ ಹಗ್ಗ ಎಳೆದಿದ್ದೇನೆ, ಎಳೆಯುವಾಗ ಮೈ ಜುಮ್ಮೆನ್ನುತ್ತದೆ. ಮ. ರಾಮಮೂರ್ತಿಯವರು ರೂಪಿಸಿದ ಆ ಎರಡು ಬಣ್ಣ ಪರದೇಶದಲ್ಲಿ ನನಗೆ ತಾಯಿಯ ಸೆರಗಿದ್ದಂತೆ. ಒಮ್ಮೆ ಆ ಚಿತ್ರ ಕಳುಹಿಸಿದಾಗ ಊರಿನ ಹಿರಿಯರೊಬ್ಬರು ಹೀಗೆ ಬರೆದರು: "ಚೆನ್ನಾಗಿದೆ ಮಗನೇ. ಆದರೆ 1956ರ ಆ ದಿನ ನಮ್ಮ ಮನೆಯಲ್ಲಿ ಯಾರೂ ಸಂಭ್ರಮ ಪಡಲಿಲ್ಲ. ನಮಗೆ ನಮ್ಮದೇ ಕೊಡಗು ರಾಜ್ಯ ಇತ್ತು, ನಮ್ಮದೇ ಮುಖ್ಯಮಂತ್ರಿ ಇದ್ದರು." ಬಾವುಟ ಇಳಿಸಿ ಎಂದು ಅವರು ಹೇಳಲಿಲ್ಲ, ನಾನು ಇಳಿಸುವುದೂ ಇಲ್ಲ. ಮುಂದಿನ ವರ್ಷ ಮಾತ್ರ ಹಗ್ಗ ಎಳೆಯುವ ಮೊದಲು ಅವರ ಆ ಸಾಲುಗಳನ್ನು ಮೈಕಿನಲ್ಲಿ ಓದಿದೆ. ಮಂಡ್ಯದ ಗೆಳೆಯನೊಬ್ಬ ಬೇಸರಪಟ್ಟ, ಬೀದರಿನ ಅಕ್ಕ ಒಬ್ಬರು ಬಂದು ಹೈದರಾಬಾದ್ ರಾಜ್ಯದ ತಮ್ಮ ತಂದೆಯ ಕಥೆ ಹೇಳಿದರು. ಅಷ್ಟು ಒಳ್ಳೆಯ ರಾಜ್ಯೋತ್ಸವ ನಮ್ಮ ಕೂಟದಲ್ಲಿ ಅದಕ್ಕೆ ಮುಂಚೆ ಆಗಿರಲಿಲ್ಲ.

ಇಲ್ಲಿಯವರ ದಾರಿಯೇ ಮೇಲು ಎಂದು ನಾನು ಹೇಳುವುದಿಲ್ಲ. ಒಂಬತ್ತು ಜೀವ ಹೋಗುವ ತನಕ ಕಾದ ದಾರಿ ಅದು. ಮಿಸಿಸಿಪ್ಪಿ ರಾಜ್ಯ ಇದೇ ಯುದ್ಧಧ್ವಜ ಸೇರಿದ್ದ ತನ್ನ 1894ರ ಧ್ವಜವನ್ನು ಬಿಟ್ಟದ್ದು 2020ರಲ್ಲಿ. ನಮ್ಮವರ ದಾರಿ ಬೇರೆ, ಇದ್ದದ್ದನ್ನು ಕೆಡವುವುದಿಲ್ಲ, ಪಕ್ಕದಲ್ಲಿ ಇನ್ನೊಂದನ್ನು ನಿಲ್ಲಿಸುತ್ತೇವೆ. ಅದರಲ್ಲೊಂದು ತಾಳ್ಮೆ ಇದೆ, ನನಗದು ಇಷ್ಟ. ಕೊರತೆಯೆಂದರೆ, ಪಕ್ಕಪಕ್ಕ ನಿಂತವು ಒಂದಕ್ಕೊಂದು ಮಾತನಾಡುವುದಿಲ್ಲ. ಪ್ರತಿ ಸಮುದಾಯ ತನ್ನ ಪ್ರತಿಮೆಗೆ ಹಾರ ಹಾಕಿ ಮನೆಗೆ ಹೋಗುತ್ತದೆ. ಇಲ್ಲಿಯವರಿಂದ ನಾವು ಕಲಿಯಬೇಕಾದದ್ದು ಆ ಕೈಗವಸು, ಆ ಮ್ಯೂಸಿಯಂ, ಪಕ್ಕದಲ್ಲಿ ಇಟ್ಟ ವಿವರ. ಮಡಿಕೇರಿ ಕೋಟೆಯ ಒಂದು ಕೋಣೆಯಲ್ಲಿ, ಒಂದೇ ಗಾಜಿನ ಪೆಟ್ಟಿಗೆಯಲ್ಲಿ, 1837ರ ಆ ಪದಕವೂ ಅಪ್ಪಯ್ಯ ಗೌಡರ ನೇಣಿನ ಆದೇಶದ ಪ್ರತಿಯೂ ಇರಲಿ. ಅದರ ಪಕ್ಕ ಲೈನ್‌ಮನೆಯ ಒಬ್ಬ ಅಜ್ಜಿ ತನ್ನ ಯರವ ನುಡಿಯಲ್ಲಿ ಹೇಳಿದ ಮಾತೂ ಇರಲಿ. ಕೊಡವ ಹುಡುಗನೂ ಗೌಡರ ಹುಡುಗನೂ ಯರವರ ಹುಡುಗಿಯೂ ಒಂದೇ ಶಾಲಾ ಬಸ್ಸಿನಲ್ಲಿ ಬಂದು ಅದನ್ನು ನೋಡಲಿ. ಗೆಳೆಯನಿಗೆ ಈ ಮಾತು ಬರೆದಿದ್ದೆ. ಪದಕ ಇದೆಯಂತೆ, ಅದೇ ರೇಷ್ಮೆಯ ತುಂಡಿನಲ್ಲಿ. ಕೋಣೆ ಆದ ದಿನ ತಾನೇ ತಂದುಕೊಡುತ್ತೇನೆ ಎಂದಿದ್ದಾನೆ.

ಕಳೆದ ಬೇಸಿಗೆಯಲ್ಲಿ ಮದುವೆಯ ಆ ಫೋಟೊವನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ಹಿಗ್ಗಿಸಿ ನೋಡಿದೆ. ಎಡತುದಿಯಲ್ಲಿ, ಚೌಕಟ್ಟು ಕತ್ತರಿಸಿದ ಕಡೆ, ಒಂದು ಕೈ ಇದೆ. ಹಿತ್ತಾಳೆಯ ಚೊಂಬು ಹಿಡಿದ ಕೈ, ಮೊಣಕೈವರೆಗೆ ಮಾತ್ರ, ಮಣಿಕಟ್ಟಿನಲ್ಲಿ ಕರಿಬಳೆ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. "ನಮ್ಮ ಲೈನಿನವಳು. ನಿನ್ನನ್ನು ಎತ್ತಿ ಆಡಿಸಿದವಳೇ ಇರಬೇಕು. ಹೆಸರು... ತಡಿ, ನೆನಪು ಮಾಡಿಕೊಂಡು ಹೇಳುತ್ತೇನೆ" ಎಂದರು. ಪ್ರತಿ ಭಾನುವಾರ ಕೇಳುತ್ತೇನೆ. ಈ ವಾರ ತೋಟಕ್ಕೆ ಇಳಿದು, ಲೈನ್‌ಮನೆಯಲ್ಲಿ ವಯಸ್ಸಾದವರೊಬ್ಬರಿದ್ದಾರೆ, ಅವರನ್ನು ಕೇಳಿಕೊಂಡು ಬರುತ್ತೇನೆ ಎಂದಿದ್ದಾರೆ.